ಸಿಲಿಂಡರ್ ಯಾರದ್ದು ಅಂತ ಮೊದಲು ಕೇಳಿ, ಒಳಗೇನಿದೆ ಅಂತ ಆಮೇಲೆ

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದೊಂದು ಸಣ್ಣ ವೆಲ್ಡಿಂಗ್ ಶೆಡ್ ಇದೆ. ಕಬ್ಬಿನ ಟ್ರೈಲರ್, ಆಲೆಮನೆ ಕೊಪ್ಪರಿಗೆ, ಗೇಟು, ಗ್ರಿಲ್ಲು ಎಲ್ಲಾ ಮಾಡುತ್ತೇವೆ. ಹೋದ ತಿಂಗಳು ಮಂಡ್ಯದಲ್ಲಿ ಮುಚ್ಚಿದ ಒಂದು ವರ್ಕ್‌ಶಾಪಿನ ಸಾಮಾನನ್ನು ಒಟ್ಟಿಗೆ ಕೊಂಡೆವು. ಅದರ ಜೊತೆ ನಾಲ್ಕು ಸಿಲಿಂಡರ್ ಬಂದಿವೆ. ಒಂದಕ್ಕೂ ಲೇಬಲ್ ಇಲ್ಲ. ಒಂದು ಎತ್ತರದ ಕಪ್ಪು ಸಿಲಿಂಡರ್, ಕತ್ತಿನ ಹತ್ತಿರ ಬಿಳಿ ಬಣ್ಣದ ಚೂರು ಉಳಿದಿದೆ. ಇನ್ನೊಂದೂ ಎತ್ತರದ್ದೇ, ಹಸಿರು ಬಳಿದಿದ್ದಾರೆ, ಕೆರೆದರೆ ಕೆಳಗೆ ನೀಲಿ ಕಾಣುತ್ತೆ. ಮೂರನೆಯದು ಗಿಡ್ಡ, ದಪ್ಪ, ಬಣ್ಣವೇ ಹೋಗಿದೆ. ಅದರ ವಾಲ್ವಿಗೆ ಚಕ್ರ ಇಲ್ಲ, ಚೌಕದ ಕೀ ಹಾಕಿ ತಿರುಗಿಸಬೇಕು. ನಾಲ್ಕನೆಯದು ಪೂರ್ತಿ ತುಕ್ಕು, ಕ್ಯಾಪ್ ಕಚ್ಚಿಕೊಂಡಿದೆ, ಅಲ್ಲಲ್ಲಿ ಹಳದಿ ಬಣ್ಣದ ಹೊಪ್ಪಳೆ. ಆ ವರ್ಕ್‌ಶಾಪಿನವರು ಮೊದಲು ಊರುಗಳ ನೀರಿನ ಪಂಪ್‌ಹೌಸ್ ಕೆಲಸವನ್ನೂ ಮಾಡುತ್ತಿದ್ದರಂತೆ. ಅಪ್ಪ ಹೇಳುವುದು ಇಷ್ಟು: ವಾಲ್ವ್ ಸ್ವಲ್ಪ ಬಿಟ್ಟು ಕಡ್ಡಿ ಗೀರಿ ಹಿಡಿ, ಹತ್ತಿಕೊಂಡರೆ ಅಸಿಟಿಲೀನ್, ಕಡ್ಡಿ ಜೋರಾಗಿ ಉರಿದರೆ ಆಕ್ಸಿಜನ್, ಆರಿದರೆ ಆರ್ಗಾನ್. ಇದು ಸರೀನಾ? ದಪ್ಪನೆಯದು ಖಾಲಿ ಇದ್ದರೆ ಕತ್ತರಿಸಿ ಒಲೆ ಮಾಡೋಣ ಅಂತಲೂ ಇದೆ.

ಉತ್ತರ: ಮೊದಲು ಆ ಬೆಂಕಿಪೊಟ್ಟಣ ಎತ್ತಿಡಿ. ನಾಲ್ಕನೇ ಸಿಲಿಂಡರಿನ ಹತ್ತಿರ ಯಾರೂ ಹೋಗದ ಹಾಗೆ ನೋಡಿಕೊಳ್ಳಿ. ಅದರ ವಿಷಯ ಕೊನೆಗೆ ಹೇಳುತ್ತೇನೆ, ಆದರೆ ಅಲ್ಲಿಯವರೆಗೆ ಅದನ್ನು ಅಲುಗಾಡಿಸುವುದೂ ಬೇಡ.

ನಿಮ್ಮ ತಂದೆಯವರನ್ನು ನಾನು ತಪ್ಪು ಅನ್ನುವುದಿಲ್ಲ. ಆ ಉಪಾಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಿಂದೆ ನಮ್ಮ ಕಡೆ ಗ್ಯಾಸ್ ವೆಲ್ಡಿಂಗ್ ಅಂದರೆ ಕಾರ್ಬೈಡ್ ಡಬ್ಬಿ. ನೀರಿಗೆ ಕಾರ್ಬೈಡ್ ಬಿದ್ದು ಅಸಿಟಿಲೀನ್ ಗ್ಯಾಸ್ ಬರುತ್ತಿತ್ತು, ಒತ್ತಡ ತೀರಾ ಕಡಿಮೆ. ಶೆಡ್ಡಿನಲ್ಲಿ ಇದ್ದದ್ದೇ ಎರಡು ಗ್ಯಾಸ್, ಯಾವುದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಡ್ಡಿ ಹಿಡಿಯುವುದು ಗ್ಯಾಸ್ ಬರ್ತಾ ಇದೆಯಾ ಅಂತ ನೋಡುವುದಕ್ಕೆ. ಯಾವ ಗ್ಯಾಸ್ ಅಂತ ಪತ್ತೆ ಮಾಡುವುದಕ್ಕೆ ಅಲ್ಲ. ಈಗ ಅದೇ ಕಡ್ಡಿಯನ್ನು 150 ಕೆ.ಜಿ. ಒತ್ತಡದ ಸಿಲಿಂಡರಿನ ಬಾಯಿಗೆ ಹಿಡಿಯುತ್ತೀರಿ ಅನ್ನಿ. ಚದರ ಸೆಂಟಿಮೀಟರಿಗೆ 150 ಕೆ.ಜಿ. ಲಾರಿ ಟಯರಿನಲ್ಲಿ ಇರುವುದು ಎಂಟು ಹತ್ತು ಕೆ.ಜಿ. ಅಷ್ಟೇ.

ಆ ರಭಸಕ್ಕೆ ಕಡ್ಡಿ ಆರಿಹೋಗುತ್ತೆ. ಆರ್ಗಾನ್ ಇದ್ದರೂ ಆರುತ್ತೆ, ನೈಟ್ರೋಜನ್ ಇದ್ದರೂ ಆರುತ್ತೆ, ಆಕ್ಸಿಜನ್ ಇದ್ದರೂ ಸುಮ್ನೆ ಗಾಳಿಯ ಹೊಡೆತಕ್ಕೇ ಆರಬಹುದು. ನಿಮ್ಮ ತಂದೆಯವರು ‘ಆರ್ಗಾನ್’ ಅಂತ ಚಾಕ್‌ಪೀಸಿನಲ್ಲಿ ಬರೆದಿಡುತ್ತಾರೆ. ಒಳಗಿರುವುದು ಆಕ್ಸಿಜನ್. ಅಂದರೆ ಈ ಪರೀಕ್ಷೆ ಅಪಾಯ ಆಗದೇ ಮುಗಿದರೂ ಉತ್ತರ ತಪ್ಪು ಕೊಡುತ್ತೆ. ನನ್ನ ದೊಡ್ಡ ತಕರಾರು ಅದೇ. ಇನ್ನು ಅಪಾಯ ಆದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಸಿಟಿಲೀನ್ ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲು ಸೇರಿದರೆ ಸಾಕು, ಹತ್ತಿಕೊಳ್ಳುತ್ತೆ. ಹೈಡ್ರೋಜನ್ ಆದರೆ ಬೆಂಕಿ ಹತ್ತಿದ್ದೂ ಹಗಲಲ್ಲಿ ಸರಿಯಾಗಿ ಕಣ್ಣಿಗೆ ಕಾಣುವುದಿಲ್ಲ. ಆಕ್ಸಿಜನ್ ತಾನು ಉರಿಯದು, ಆದರೆ ನಿಮ್ಮ ಅಂಗಿಗೆ ಹಿಡಿದುಕೊಂಡರೆ ಆಮೇಲೆ ಒಂದು ಕಿಡಿ ಬಿದ್ದರೂ ಅಂಗಿ ಭಗ್ ಅನ್ನುತ್ತೆ.

ಮೂಸಿ ನೋಡುವುದೂ ಅಷ್ಟೇ. ಆಕ್ಸಿಜನ್, ಆರ್ಗಾನ್, ನೈಟ್ರೋಜನ್ ಯಾವುದಕ್ಕೂ ವಾಸನೆ ಇಲ್ಲ. ಅಸಿಟಿಲೀನಿಗೆ ಬೆಳ್ಳುಳ್ಳಿಯಂಥ ವಾಸನೆ ಬರುವುದು ಅದರಲ್ಲಿ ಸೇರಿರುವ ಬೇರೆ ಕಲ್ಮಷದಿಂದ. ಮೂಗಿಗೆ ಗೊತ್ತಾಗುವ ಇನ್ನೆರಡು ಗ್ಯಾಸ್, ಕ್ಲೋರಿನ್ ಮತ್ತು ಅಮೋನಿಯಾ, ಅವನ್ನು ಎರಡನೇ ಸಲ ಮೂಸೋಕೆ ನೀವು ಇರುವುದಿಲ್ಲ.

ಮೈಸೂರಿನ ಒಂದು ಗ್ಯಾಸ್ ತುಂಬುವ ಪ್ಲಾಂಟಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದ್ದೇನೆ. ಲೇಬಲ್ ಇಲ್ಲದ ಸಿಲಿಂಡರ್ ಗೇಟಿಗೆ ಬಂದರೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಒಳಗೇನಿದೆ’ ಅಂತ ಅಲ್ಲ. ‘ಇದು ಯಾರದ್ದು’ ಅಂತ. ಕೇಳೋಕೆ ವಿಚಿತ್ರ ಅನ್ನಿಸಬಹುದು. ಆದರೆ ಸಿಲಿಂಡರ್ ಅನ್ನುವುದು ತಗಡಿನ ಡಬ್ಬಿ ಇದ್ದ ಹಾಗಲ್ಲ, ಗಾಡಿ ಇದ್ದ ಹಾಗೆ. ಅದಕ್ಕೆ ನಂಬರ್ ಇದೆ, ಯಜಮಾನ ಇದ್ದಾನೆ, ಟೆಸ್ಟ್ ಮಾಡಿದ ತಾರೀಕು ಇದೆ. ಯಜಮಾನ ಸಿಕ್ಕಿದರೆ ಒಳಗಿರುವ ಗ್ಯಾಸಿನ ಹೆಸರು ತಾನೇ ಸಿಗುತ್ತೆ. ವಾಲ್ವ್ ಮುಟ್ಟುವ ಕೆಲಸವೇ ಇಲ್ಲ.

ಹಾಗಾಗಿ ಮೊದಲು ಸಿಲಿಂಡರಿನ ಹೆಗಲು ನೋಡಿ. ವಾಲ್ವಿನ ಕೆಳಗೆ ಮೈ ಬಾಗುವ ಜಾಗದಲ್ಲಿ ಪಂಚ್ ಹೊಡೆದ ಅಕ್ಷರಗಳಿರುತ್ತವೆ. ಬಣ್ಣ ಬಳಿದು ಬಳಿದು ಅವು ಮುಚ್ಚಿಹೋಗಿರುತ್ತವೆ. ಗ್ರೈಂಡರ್ ಹಿಡಿಯಬೇಡಿ, ಬಣ್ಣ ಸುಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಶಾಲೆಯ ಬಿಳಿ ಚಾಕ್‌ಪೀಸನ್ನು ಅಡ್ಡ ಹಿಡಿದು ಉಜ್ಜಿ, ಮೇಲೆ ಉಳಿದ ಪುಡಿಯನ್ನು ಬೆರಳಲ್ಲಿ ಒರೆಸಿ. ಪಂಚ್ ಗುಂಡಿಗಳಲ್ಲಿ ಚಾಕ್ ಉಳಿದು ಅಕ್ಷರ ಎದ್ದು ಕಾಣುತ್ತೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಇನ್ನೂ ಚೆನ್ನ.

ಅಲ್ಲಿ ತಯಾರಿಸಿದವರ ಗುರುತು, ಸಿಲಿಂಡರ್ ನಂಬರ್, ಐಎಸ್ ನಂಬರ್ (ಭಾರತೀಯ ಮಾನಕದ ನಂಬರ್), ಖಾಲಿ ತೂಕ, ನೀರು ಹಿಡಿಯುವ ಅಳತೆ, ಒತ್ತಡ, ಟೆಸ್ಟ್ ಆದ ತಾರೀಕು ಇರುತ್ತವೆ. ಎಷ್ಟೋ ಸಲ ಗ್ಯಾಸಿನ ಹೆಸರೋ ರಾಸಾಯನಿಕ ಚಿಹ್ನೆಯೋ ಅಲ್ಲೇ ಪಂಚ್ ಆಗಿರುತ್ತೆ. ಐಎಸ್ ನಂಬರ್ ಒಳ್ಳೆ ಸುಳಿವು. ಐಎಸ್ 7285 ಅಂದರೆ ಜೋಡಣೆಯಿಲ್ಲದ ಉಕ್ಕಿನ ಸಿಲಿಂಡರ್, ಆಕ್ಸಿಜನ್, ಆರ್ಗಾನ್ ಥರದ ಹೆಚ್ಚು ಒತ್ತಡದ ಗ್ಯಾಸಿಗೆ. ಐಎಸ್ 7312 ಅಂದರೆ ಅಸಿಟಿಲೀನ್ ಸಿಲಿಂಡರ್. ಐಎಸ್ 3196 ಇದ್ದರೆ ಎಲ್‌ಪಿಜಿ ಜಾತಿ. ಇಷ್ಟೇ ನೋಡಿದರೂ ಅರ್ಧ ಗೊಂದಲ ಕಡಿಮೆ ಆಗುತ್ತೆ.

ಇನ್ನರ್ಧಕ್ಕೆ ಸಿಲಿಂಡರ್ ನಂಬರ್ ಬೇಕು. ಗ್ಯಾಸ್ ಕೊಡುವವರು ಪ್ರತಿ ಸಲ ಚಲನ್ ಬರೆಯುವಾಗ ಯಾವ ಗ್ಯಾಸು, ಯಾವ ನಂಬರಿನ ಸಿಲಿಂಡರ್ ಅಂತ ಬರೆಯುತ್ತಾರೆ. ಮುಚ್ಚಿದ ವರ್ಕ್‌ಶಾಪಿನ ಮಾಲೀಕರ ಮನೆಗೆ ಹೋಗಿ ಹಳೇ ಚಲನ್ ಕಟ್ಟು ಕೇಳಿ. ಸಾಮಾನೆಲ್ಲ ಮಾರಿದವರು ಕಾಗದ ಮಾರಿರುವುದಿಲ್ಲ. ಆಡಿಟರ್ ಭಯಕ್ಕೆ ಅಟ್ಟದ ಮೇಲೆ ಇಟ್ಟಿರುತ್ತಾರೆ. ಆ ಚಲನಿನ ತಲೆಬರಹದಲ್ಲಿ ಏಜೆನ್ಸಿ ಹೆಸರು ಸಿಗುತ್ತೆ. ಮಂಡ್ಯದವರಾದರೆ ಸಾಮಾನ್ಯವಾಗಿ ತೂಬಿನಕೆರೆ ಕೈಗಾರಿಕಾ ಪ್ರದೇಶದ ಕಡೆಯೋ, ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯೋ ವಿಚಾರಿಸಿದರೆ ಪತ್ತೆ ಆಗುತ್ತೆ. ನಾಲ್ಕೂ ಸಿಲಿಂಡರಿನ ನಂಬರ್ ಫೋಟೋ ತೆಗೆದು ಅವರಿಗೆ ಕಳಿಸಿ. ನಾಲ್ಕನೆಯದರ ಫೋಟೋ ಮಾತ್ರ ದೂರದಿಂದ.

ಇಲ್ಲಿ ನಿಮಗೆ ಕಹಿ ಅನ್ನಿಸುವ ಒಂದು ಮಾತು. ನೀವು ದುಡ್ಡು ಕೊಟ್ಟು ತಂದಿದ್ದೀರಿ, ಸರಿ. ಆದರೆ ಆ ಸಿಲಿಂಡರುಗಳು ವರ್ಕ್‌ಶಾಪಿನವರದ್ದೇ ಆಗಿದ್ದವು ಅಂತ ಏನು ಗ್ಯಾರಂಟಿ? ಬಹಳಷ್ಟು ಕಡೆ ಡೆಪಾಸಿಟ್ ಇಟ್ಟು ಏಜೆನ್ಸಿಯ ಸಿಲಿಂಡರನ್ನೇ ಬಳಸುತ್ತಾರೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಯಜಮಾನನ ಒಪ್ಪಿಗೆ ಇಲ್ಲದೆ ಬೇರೆಯವರು ಅದಕ್ಕೆ ಗ್ಯಾಸ್ ತುಂಬುವ ಹಾಗಿಲ್ಲ. ಟೆಸ್ಟ್ ಅವಧಿ ಮುಗಿದಿದ್ದರೂ ತುಂಬುವ ಹಾಗಿಲ್ಲ. ಆಕ್ಸಿಜನ್, ಆರ್ಗಾನ್ ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ ನೀರು ತುಂಬಿ ಒತ್ತಡ ಕೊಟ್ಟು ಹೈಡ್ರೋ ಟೆಸ್ಟ್ ಮಾಡಿಸಬೇಕು. ಇದನ್ನೆಲ್ಲ ನೋಡಿಕೊಳ್ಳುವುದು ಪೆಸೊ ಅನ್ನುವ ಕೇಂದ್ರ ಸರ್ಕಾರದ ಇಲಾಖೆ. ಮುಖ್ಯ ಕಚೇರಿ ನಾಗಪುರದಲ್ಲಿ. ಹಳಬರು ಈಗಲೂ ಎಕ್ಸ್‌ಪ್ಲೋಸಿವ್ ಡಿಪಾರ್ಟ್‌ಮೆಂಟ್ ಅಂತಲೇ ಕರೆಯುತ್ತಾರೆ. ಹೀಗಾಗಿ ಕಾಗದ ಇಲ್ಲದ ಸಿಲಿಂಡರ್ ನಿಮ್ಮ ಕೈಲಿ ಆಸ್ತಿ ಅಲ್ಲ, ಹೊರೆ. ಲಾಟಿನ ಲೆಕ್ಕದಲ್ಲಿ ಇವಕ್ಕೆ ಹಿಡಿದ ದುಡ್ಡನ್ನು ವಾಪಸ್ ಕೇಳಿ. ಕೇಳೋಕೆ ಸಂಕೋಚ ಬೇಡ.

ಈಗ ಒಂದೊಂದಾಗಿ ನೋಡೋಣ. ಕಪ್ಪು ಸಿಲಿಂಡರಿನಿಂದ ಶುರು ಮಾಡುತ್ತೇನೆ, ಜನ ಜಾಸ್ತಿ ಮೋಸ ಹೋಗುವುದು ಅದರಲ್ಲೇ.

ನಮ್ಮ ದೇಶದಲ್ಲಿ ಸಿಲಿಂಡರ್ ಬಣ್ಣಕ್ಕೆ ಐಎಸ್ 4379 ಅಂತ ಒಂದು ಮಾನಕ ಇದೆ. ಕಾರ್ಖಾನೆ ಆಕ್ಸಿಜನ್ ಕಪ್ಪು. ಆರ್ಗಾನ್ ನೀಲಿ. ಅಸಿಟಿಲೀನ್ ಮೆರೂನ್. ಹೈಡ್ರೋಜನ್ ಕೆಂಪು. ನೈಟ್ರೋಜನ್ ಬೂದು ಮೈ, ಕಪ್ಪು ಕತ್ತು. ಆಸ್ಪತ್ರೆಯ ಆಕ್ಸಿಜನ್ ಆದರೆ ಕಪ್ಪು ಮೈ, ಬಿಳಿ ಹೆಗಲು. ನಿಮ್ಮದರಲ್ಲಿ ಕತ್ತಿನ ಹತ್ತಿರ ಬಿಳಿ ಚೂರು ಇದೆ ಅಂದಿರಿ. ಹಾಗಾದರೆ ಅದು ಯಾವತ್ತೋ ಆಸ್ಪತ್ರೆಗೆ ಹೋಗಿಬಂದ ಸಿಲಿಂಡರ್ ಇರಬಹುದು. ಇಲ್ಲಿ ಇನ್ನೊಂದು ತಿರುವು ಇದೆ. 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆಗೆ ಆಕ್ಸಿಜನ್ ಸಿಲಿಂಡರ್ ಸಾಲದೆ ಬಂದಾಗ, ನೈಟ್ರೋಜನ್, ಆರ್ಗಾನ್ ಸಿಲಿಂಡರುಗಳನ್ನು ಮೆಡಿಕಲ್ ಆಕ್ಸಿಜನ್‌ಗೆ ಬದಲಾಯಿಸೋಕೆ ಸರ್ಕಾರವೇ ಅವಕಾಶ ಕೊಟ್ಟಿತು. ಅಂಥ ಸಿಲಿಂಡರಿನ ಮೇಲೆ ಪದರ ಪದರವಾಗಿ ಮೂರು ಬಣ್ಣ ಸಿಕ್ಕರೂ ಆಶ್ಚರ್ಯ ಇಲ್ಲ. ಕೆರೆದು ನೋಡಿ ‘ಕೆಳಗಿನ ಬಣ್ಣವೇ ನಿಜ’ ಅಂದುಕೊಂಡರೆ ಅದೂ ತಪ್ಪಾಗಬಹುದು. ಐಸ್ ಫ್ಯಾಕ್ಟರಿಗೆ ಬರುವ ಅಮೋನಿಯಾ ಸಿಲಿಂಡರಿನ ಮೈಯೂ ಕಪ್ಪೇ. ಕೆಂಪು, ಹಳದಿ ಪಟ್ಟಿ ಅಳಿಸಿಹೋದರೆ ಆಕ್ಸಿಜನ್ ಅಂದುಕೊಳ್ಳೋದು ಸುಲಭ.

ಬಣ್ಣ ಎಷ್ಟು ನಂಬಬೇಕು ಅನ್ನುವುದಕ್ಕೆ ನಾನೇ ಕಂಡ ಒಂದು ಪ್ರಸಂಗ. ಹೆಬ್ಬಾಳದ ಕಡೆ ಒಂದು ಶೆಡ್. ಆಯುಧಪೂಜೆಗೆ ಹುಡುಗರು ಲೇತು, ಡ್ರಿಲ್ಲು ಎಲ್ಲಾ ತೊಳೆದು, ಗೇಟಿಗೆ ಬಳಿದು ಉಳಿದ ನೀಲಿ ಎನಾಮಲ್ ಪೇಂಟನ್ನು ಸಿಲಿಂಡರಿಗೂ ಬಳಿದರು. ಸಾಲಾಗಿ ನಿಲ್ಲಿಸಿದರೆ ಚಂದ ಕಾಣುತ್ತೆ ಅಂತ. ಹಬ್ಬ ಮುಗಿದ ಮೇಲೆ ಟಿಗ್ ವೆಲ್ಡಿಂಗ್ (ಆರ್ಗಾನ್ ಬಿಟ್ಟುಕೊಂಡು ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ವೆಲ್ಡಿಂಗ್) ಮಾಡುವವನು ಬಂದ. ನೀಲಿ ಕಂಡಿತು, ಆರ್ಗಾನ್ ರೆಗ್ಯುಲೇಟರ್ ಹಾಕಿದ. ಸಲೀಸಾಗಿ ಕೂತಿತು. ಆರ್ಕ್ ಹೊಡೆದ ತಕ್ಷಣ ಟಂಗ್‌ಸ್ಟನ್ ಕಡ್ಡಿ ಹೊಗೆ ಬಿಟ್ಟುಕೊಂಡು ಕರಗಿ ಹೋಯಿತು. ಒಳಗಿದ್ದದ್ದು ಆಕ್ಸಿಜನ್. ರೆಗ್ಯುಲೇಟರಿನ ನಟ್ಟಿಗೆ ಯಾರೂ ಗ್ರೀಸ್ ಹಚ್ಚಿರಲಿಲ್ಲ ಅನ್ನುವುದು ಅವನ ಪುಣ್ಯ. ಹೆಚ್ಚು ಒತ್ತಡದ ಆಕ್ಸಿಜನ್ ಎಣ್ಣೆ, ಗ್ರೀಸಿಗೆ ತಗುಲಿದರೆ ಕಡ್ಡಿ ಬೇಕಾಗಿಲ್ಲ, ತಾನೇ ಹೊತ್ತಿಕೊಳ್ಳುತ್ತೆ. (ಪೂಜೆ ಅಂದದ್ದಕ್ಕೆ ನೆನಪಾಯಿತು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಆಕ್ಸಿಜನ್ ವಾಲ್ವಿನ ಬಾಯಿಗೇ ಇಟ್ಟಿದ್ದನ್ನು ನೋಡಿದ್ದೇನೆ. ಇಡಲೇಬೇಕು ಅಂದರೆ ಸಿಲಿಂಡರಿನ ಹೊಟ್ಟೆಗೆ ಇಡಿ, ಒಣ ಕುಂಕುಮ ಇಡಿ.)

ಆ ರೆಗ್ಯುಲೇಟರ್ ಯಾಕೆ ಸಲೀಸಾಗಿ ಕೂತಿತು? ‘ಥ್ರೆಡ್ ನೋಡಿದರೆ ಗ್ಯಾಸ್ ಗೊತ್ತಾಗುತ್ತೆ’ ಅಂತ ಎಲ್ಲಾ ಮೇಸ್ತ್ರಿಗಳೂ ಹೇಳುತ್ತಾರೆ. ಅರ್ಧ ನಿಜ. ಬೆಂಕಿ ಹತ್ತುವ ಗ್ಯಾಸಿಗೆ ಎಡ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು), ಹತ್ತದ ಗ್ಯಾಸಿಗೆ ಬಲ ಥ್ರೆಡ್. ಎಡ ಥ್ರೆಡ್ಡಿನ ನಟ್ಟಿನ ಮೂಲೆಗಳಲ್ಲಿ ಸಣ್ಣ ಕಚ್ಚು ಹಾಕಿರುತ್ತಾರೆ, ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ. ಇಲ್ಲಿಯವರೆಗೆ ಸರಿ. ಆದರೆ ನಮ್ಮಲ್ಲಿ ಆಕ್ಸಿಜನ್, ಆರ್ಗಾನ್, ನೈಟ್ರೋಜನ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಬಲ ಥ್ರೆಡ್, ಐದು ಬೈ ಎಂಟು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್ಡಿನ ಅಳತೆ), ಒಳಗಡೆ ಥ್ರೆಡ್. ಕಾರ್ಬನ್ ಡೈಆಕ್ಸೈಡ್ ವಾಲ್ವಿಗೆ ಥ್ರೆಡ್ ಹೊರಗಡೆ ಇರುತ್ತೆ, ಹಾಗಾಗಿ ಅದೊಂದು ಬೇರೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಉಳಿದ ಮೂರನ್ನು ಥ್ರೆಡ್ ಬೇರೆ ಮಾಡಿ ತೋರಿಸುವುದಿಲ್ಲ. ಬಲ ಥ್ರೆಡ್ ಅಂದ ಮಾತ್ರಕ್ಕೆ ನಿರಪಾಯ ಅಂತಲೂ ಅಲ್ಲ. ಕ್ಲೋರಿನ್ ಕೂಡ ಬೆಂಕಿ ಹತ್ತದ ಗ್ಯಾಸೇ. ಹಾಗೇ ಹಳೇ ಸಿಲಿಂಡರಿಗೆ ಯಾರಾದರೂ ವಾಲ್ವನ್ನೇ ಬದಲಾಯಿಸಿದ್ದರೆ ಥ್ರೆಡ್ಡಿನ ಸಾಕ್ಷಿಯೂ ಹೋಯಿತು. ಒಂದು ಮಾತ್ರ ನೆನಪಿರಲಿ: ಕೈಯಲ್ಲಿ ಕೂರದ ರೆಗ್ಯುಲೇಟರನ್ನು ಸ್ಪ್ಯಾನರ್ ಹಾಕಿ ಕೂರಿಸಬೇಡಿ, ಅಡಾಪ್ಟರ್ ಹಾಕಿಯೂ ಕೂರಿಸಬೇಡಿ.

ವಾಲ್ವ್ ಮುಟ್ಟದೇ ಮಾಡಬಹುದಾದ ಒಂದು ಪರೀಕ್ಷೆ ಇದೆ: ತೂಕ. ಇದು ಕಪ್ಪು ಮತ್ತು ಹಸಿರು ಸಿಲಿಂಡರಿಗೆ ಮಾತ್ರ, ಅವು ತುಕ್ಕಿಲ್ಲದೆ ಗಟ್ಟಿಯಾಗಿದ್ದರೆ ಮಾತ್ರ. ಬೆಲ್ಲದ ಮಂಡಿಯಲ್ಲಿ ಇರುವಂಥ ಪ್ಲಾಟ್‌ಫಾರಂ ತಕ್ಕಡಿ ಸಾಕು. ತಕ್ಕಡಿಯನ್ನು ನಿಮ್ಮ ಶೆಡ್ಡಿಗೇ ತರಿಸಿಕೊಳ್ಳಿ, ಸಿಲಿಂಡರನ್ನು ಮಂಡಿಗೆ ಹೊತ್ತುಕೊಂಡು ಹೋಗಬೇಡಿ. ಹೆಗಲ ಮೇಲೆ ಪಂಚ್ ಮಾಡಿದ ಖಾಲಿ ತೂಕವನ್ನು ಈಗಿನ ತೂಕದಿಂದ ಕಳೆಯಿರಿ. ಕ್ಯಾಪ್ ಇದ್ದರೆ ಅದರ ತೂಕ ಬೇರೆ.

ಸಾಮಾನ್ಯ ಎತ್ತರದ ಸಿಲಿಂಡರ್ 46.7 ಲೀಟರಿನದ್ದು. 150 ಕೆ.ಜಿ. ಒತ್ತಡಕ್ಕೆ ತುಂಬಿದರೆ 7 ಘನ ಮೀಟರ್ ಗ್ಯಾಸ್. ಅದು ಆಕ್ಸಿಜನ್ ಆದರೆ 9 ಕೆ.ಜಿ.ಗೆ ಸ್ವಲ್ಪ ಮೇಲೆ, ನೈಟ್ರೋಜನ್ ಆದರೆ 8 ಕೆ.ಜಿ., ಆರ್ಗಾನ್ ಆದರೆ ಹನ್ನೊಂದೂವರೆ. ಕಾರ್ಬನ್ ಡೈಆಕ್ಸೈಡ್ ಒಳಗೆ ದ್ರವವಾಗಿರುತ್ತೆ, ಅದೇ ಅಳತೆಯ ಸಿಲಿಂಡರಿನಲ್ಲಿ 30 ಕೆ.ಜಿ. ಹಿಡಿಯುತ್ತೆ. ನಿಮ್ಮ ಲೆಕ್ಕದಲ್ಲಿ 20, 25 ಕೆ.ಜಿ. ಬಂದರೆ ಅದು ಒಳಗೆ ದ್ರವವಾಗಿ ತುಂಬಿಸುವ ಜಾತಿ, ಆಕ್ಸಿಜನ್ನೂ ಅಲ್ಲ, ಆರ್ಗಾನೂ ಅಲ್ಲ. 6 ಕೆ.ಜಿ. ಬಂದರೆ? ಅರ್ಧ ತುಂಬಿದ ಆರ್ಗಾನೂ ಇರಬಹುದು, ಮೂರರಲ್ಲಿ ಎರಡು ಪಾಲು ತುಂಬಿದ ಆಕ್ಸಿಜನ್ನೂ ಇರಬಹುದು. ತಕ್ಕಡಿ ಅಷ್ಟು ಹೇಳುವುದಿಲ್ಲ. ಖಾಲಿ ತೂಕಕ್ಕೆ ಸರಿಸಮ ಬಂದರೂ ‘ಖಾಲಿ’ ಅಂತ ತಿಳಿಯಬೇಡಿ. ಒತ್ತಡ ಹೋದ ಮೇಲೂ ಸಿಲಿಂಡರ್ ತುಂಬಾ ಆ ಗ್ಯಾಸೇ ಇರುತ್ತೆ.

ಹಸಿರು ಬಳಿದದ್ದರ ವಿಷಯ ಹೆಚ್ಚು ಹೇಳುವುದಿಲ್ಲ. ಕೆಳಗೆ ನೀಲಿ ಇರುವುದರಿಂದ ಆರ್ಗಾನ್ ಅಂತ ಅನುಮಾನಪಡಬಹುದು. ಅಥವಾ ಮಿಗ್ ವೆಲ್ಡಿಂಗಿಗೆ ಬಳಸುವ ಆರ್ಗಾನ್, ಕಾರ್ಬನ್ ಡೈಆಕ್ಸೈಡ್ ಮಿಶ್ರಣವೂ ಇರಬಹುದು. ಯಾರೋ ಹಸಿರು ಬಳಿದದ್ದು ಯಾಕೆ ಅಂತ ಗೊತ್ತಾಗುವವರೆಗೆ ಅನುಮಾನ ಅನುಮಾನವಾಗಿಯೇ ಇರಲಿ. ಆರ್ಗಾನ್ ತಾನೇ, ಏನೂ ಮಾಡಲ್ಲ ಅಂತ ಬಿಟ್ಟು ನೋಡುವವರಿದ್ದಾರೆ. ಅದು ಗಾಳಿಗಿಂತ ಭಾರ. ಗುಂಡಿಯಲ್ಲಿ, ಟ್ಯಾಂಕಿನೊಳಗೆ, ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ತುಂಬಿಕೊಂಡರೆ ಕೆಮ್ಮು ಇಲ್ಲ, ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ಎತ್ತೋಕೆ ಹೋದವನೂ ಬೀಳುತ್ತಾನೆ.

ಮೂರನೆಯ ಗಿಡ್ಡ, ದಪ್ಪ ಸಿಲಿಂಡರ್. ಆಕಾರ, ಚೌಕದ ಕೀ ಎರಡನ್ನೂ ನೋಡಿದರೆ ಇದು ಅಸಿಟಿಲೀನ್ ಅಂತಲೇ ನಾನು ಹೇಳುವುದು. ನಮ್ಮ ಕಸುಬಿನಲ್ಲಿ ಡಿಎ (ಡಿಸಾಲ್ವ್ಡ್ ಅಸಿಟಿಲೀನ್, ಅಂದರೆ ಕರಗಿಸಿದ ಅಸಿಟಿಲೀನ್) ಸಿಲಿಂಡರ್ ಅನ್ನುತ್ತಾರೆ. ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಆಕ್ಸಿಜನ್ ಸಿಲಿಂಡರ್ ಗಂಟೆಯ ಹಾಗೆ ಸಣ್ಣಗೆ ಮಿಡಿಯುತ್ತೆ. ಡಿಎ ಸಿಲಿಂಡರ್ ಧಬ್ ಅಂತ ಮಂಕಾಗಿ ಕೇಳುತ್ತೆ. ಯಾಕೆಂದರೆ ಅದರೊಳಗೆ ಟೊಳ್ಳು ಇಲ್ಲ. ಸುಣ್ಣದ ಗಟ್ಟಿಯಂಥ, ಸಣ್ಣ ಸಣ್ಣ ತೂತುಗಳ ಒಂದು ಹೂರಣ ತಳದಿಂದ ಕತ್ತಿನವರೆಗೂ ತುಂಬಿರುತ್ತೆ. ಆ ತೂತುಗಳಲ್ಲಿ ಅಸಿಟೋನ್, ಅಸಿಟೋನಿನಲ್ಲಿ ಕರಗಿದ ಅಸಿಟಿಲೀನ್. ಸೋಡಾದಲ್ಲಿ ಗ್ಯಾಸ್ ಕರಗಿರುವ ಹಾಗೆ. ಅಸಿಟಿಲೀನನ್ನು ಸುಮ್ನೆ ಒತ್ತಿ ತುಂಬಿದರೆ ಗಾಳಿ ಇಲ್ಲದೆಯೂ ಅದು ತಾನೇ ಒಡೆದು ಸಿಡಿಯುತ್ತೆ. ಅದಕ್ಕೇ ಇಷ್ಟೆಲ್ಲ ಏರ್ಪಾಡು. ಪೈಪಿನಲ್ಲೂ ಅದನ್ನು ಒಂದು ಕೆ.ಜಿ. ಒತ್ತಡಕ್ಕಿಂತ ಮೇಲೆ ಬಳಸಬಾರದು ಅನ್ನುವುದು ಇದೇ ಕಾರಣಕ್ಕೆ.

ಆದ್ದರಿಂದ ಒಲೆಯ ಆಸೆ ಬಿಡಿ. ಡಿಎ ಸಿಲಿಂಡರಿನ ಗ್ಯಾಸ್ ಮುಗಿದರೂ ಅಸಿಟೋನ್ ಒಳಗೇ ಇರುತ್ತೆ, ಅದರಲ್ಲಿ ಸ್ವಲ್ಪ ಅಸಿಟಿಲೀನೂ ಉಳಿದಿರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಖಾಲಿ ಅನ್ನಿಸಿದ್ದು ಮಧ್ಯಾಹ್ನ ಶೀಟಿನ ಶೆಡ್ಡು ಕಾದಾಗ ಮತ್ತೆ ಗ್ಯಾಸ್ ಬಿಡುತ್ತೆ. ಅದರ ಮೇಲೆ ಕಟಿಂಗ್ ಟಾರ್ಚ್ ಇಟ್ಟರೆ ಏನಾಗುತ್ತೆ ಅಂತ ವೆಲ್ಡಿಂಗ್ ಕೆಲಸದವರಿಗೆ ನಾನು ಹೇಳಬೇಕಾ? ಹ್ಯಾಕ್ಸಾದಲ್ಲಿ ನಿಧಾನಕ್ಕೆ ಕೊಯ್ಯುತ್ತೇವೆ ಅನ್ನುವವರಿಗೂ ಒಂದು ಮಾತು. ಹಳೇ ಡಿಎ ಸಿಲಿಂಡರುಗಳ ಹೂರಣದಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಸರಪಳಿಯಲ್ಲೋ ಹಗ್ಗದಲ್ಲೋ ಕಂಬಕ್ಕೆ ಕಟ್ಟಿ, ಕಪ್ಪು ಸಿಲಿಂಡರಿನಿಂದ ದೂರ ಇಡಿ. ಮಲಗಿಸಬೇಡಿ. ಅದರ ಮೇಲೆ ಕಾಣುವ ಸಣ್ಣ ಸೀಸದಂಥ ಬಿರಡೆಗಳು ಬೆಂಕಿಯ ಸಮಯದಲ್ಲಿ ಸುಮಾರು 100 ಡಿಗ್ರಿಗೆ ಕರಗಿ ಒತ್ತಡ ಬಿಡುವುದಕ್ಕೆ ಇಟ್ಟಿರುವುದು. ಸೋರುತ್ತಾ ಇದೆ ಅಂತ ಅವನ್ನು ಬಡಿಯೋಕೆ ಹೋಗಬೇಡಿ.

ಈಗ ನಾಲ್ಕನೆಯದು. ಹಳದಿ ಹೊಪ್ಪಳೆ ಅಂದಿರಿ. ಪಂಪ್‌ಹೌಸ್ ಕೆಲಸ ಅಂದಿರಿ. ಇವೆರಡನ್ನು ಒಟ್ಟಿಗೆ ಓದಿದಾಗ ನನಗೆ ಮೈ ಜುಂ ಅಂದಿತು. ಕ್ಲೋರಿನ್ ಸಿಲಿಂಡರಿನ ಬಣ್ಣ ಹಳದಿ. ಕುಡಿಯುವ ನೀರು ಶುದ್ಧ ಮಾಡುವ ಕಡೆ ಅದೇ ಬಳಕೆ. ಇದು ಕ್ಲೋರಿನ್ ಅಂತ ನಾನು ಹೇಳುತ್ತಿಲ್ಲ, ಖಾಲಿ ಇದ್ದರೂ ಇರಬಹುದು. ಆದರೆ ಕ್ಲೋರಿನ್ ಅಂತಲೇ ತಿಳಿದು ನಡೆದುಕೊಳ್ಳಬೇಕು. ತೇವ ಸೇರಿದ ಕ್ಲೋರಿನ್ ಉಕ್ಕನ್ನು ಒಳಗಿನಿಂದ ತಿನ್ನುತ್ತೆ. ಹೊರಗೆ ಈ ಪಾಟಿ ತುಕ್ಕು ಇದ್ದರೆ ಒಳಗಿನ ಗೋಡೆ ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು. 2010ರ ಜುಲೈಯಲ್ಲಿ ಮುಂಬೈ ಬಂದರಿನಲ್ಲಿ ವರ್ಷಗಟ್ಟಲೆ ಯಾರೂ ಕೇಳದೆ ಬಿದ್ದಿದ್ದ ಕ್ಲೋರಿನ್ ಸಿಲಿಂಡರುಗಳಲ್ಲಿ ಒಂದು ಸೋರಿತು. ಹತ್ತಿರದ ವಿದ್ಯಾರ್ಥಿಗಳು, ಕೂಲಿಯವರು, ಅಗ್ನಿಶಾಮಕ ಸಿಬ್ಬಂದಿ ಸೇರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು.

ಅದಕ್ಕೆ ಚಾಕ್‌ಪೀಸ್ ಬೇಡ, ತಟ್ಟುವುದು ಬೇಡ, ತೂಕ ಬೇಡ, ಕ್ಯಾಪ್ ಬಿಚ್ಚೋಕೆ ಪೈಪ್ ರಿಂಚ್ ಬೇಡವೇ ಬೇಡ. ಸುತ್ತ ಹಗ್ಗ ಕಟ್ಟಿ, ಮಕ್ಕಳು, ನಾಯಿ ಹೋಗದ ಹಾಗೆ ಮಾಡಿ. ಇವತ್ತೇ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, 101 ಅಥವಾ 112. ಹಳೇ ಸಿಲಿಂಡರ್ ಇದೆ, ಕ್ಲೋರಿನ್ ಇರಬಹುದು, ಸದ್ಯ ಸೋರುತ್ತಿಲ್ಲ ಅಂತ ಸ್ಪಷ್ಟವಾಗಿ ಹೇಳಿ. ನೀರು ಸರಬರಾಜು ಮಾಡುವ ಕಚೇರಿಗೂ ಹೇಳಿ. ಅಲ್ಲಿ ಕ್ಲೋರಿನ್ ಪೂರೈಸುವವರ ಸಂಪರ್ಕ ಇರುತ್ತೆ. ಅಷ್ಟರಲ್ಲಿ ಏನಾದರೂ ಘಾಟು ಬಂದರೆ, ಹಸಿರು ಮಿಶ್ರಿತ ಹಳದಿ ಹೊಗೆ ಕಂಡರೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ಹೋಗಿ. ಈ ಗ್ಯಾಸ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಚರಂಡಿ, ನಾಲೆ ಹಿಡಿದು ತಗ್ಗಿಗೆ ಹರಿಯುತ್ತೆ. ಸೋರುವ ಸಿಲಿಂಡರಿನ ಮೇಲೆ ನೀರು ಹುಯ್ಯಬೇಡಿ. ನೀರು ಸೇರಿದರೆ ಆ ತೂತು ಇನ್ನೂ ದೊಡ್ಡದಾಗುತ್ತೆ.

ಏಜೆನ್ಸಿಗೂ ನಂಬರ್ ಸಿಗಲಿಲ್ಲ, ಚಲನೂ ಇಲ್ಲ ಅನ್ನಿ. ಆಗ ಮೊದಲ ಮೂರನ್ನು ಏನು ಮಾಡೋದು? ಗ್ಯಾಸ್ ತುಂಬುವ ಪ್ಲಾಂಟಿನವರ ಹತ್ತಿರ ವಿಶ್ಲೇಷಣೆ ಮಾಡುವ ಯಂತ್ರ ಇರುತ್ತೆ. ಸಿಲಿಂಡರ್ ಕಟ್ಟಿ, ಸಣ್ಣ ಸ್ಯಾಂಪಲ್ ತೆಗೆದು, ಉಳಿದದ್ದನ್ನು ಸರಿಯಾದ ರೀತಿಯಲ್ಲಿ ಹೊರಗೆ ಬಿಡುತ್ತಾರೆ. ವಾಲ್ವ್ ಕಚ್ಚಿಕೊಂಡಿದ್ದರೆ ಅದಕ್ಕೂ ಬೇರೆ ವಿಧಾನ ಇದೆ, ಅದು ಶೆಡ್ಡಿನಲ್ಲಿ ಆಗುವ ಕೆಲಸ ಅಲ್ಲ. ಇದಕ್ಕೆ ಅವರು ದುಡ್ಡು ಕೇಳುತ್ತಾರೆ, ಕೊಡಿ. ಸಿಲಿಂಡರ್ ಇನ್ನು ಬಳಕೆಗೆ ಬರುವುದಿಲ್ಲ ಅಂತಾದರೆ ಅವರೇ ಅದನ್ನು ಜಜ್ಜಿಯೋ ತುಂಡು ಮಾಡಿಯೋ ಮತ್ತೆ ಜೋಡಿಸೋಕೆ ಆಗದ ಹಾಗೆ ಮಾಡುತ್ತಾರೆ. ನಿಯಮವೂ ಹಾಗೇ ಹೇಳುತ್ತೆ. ಇಡೀ ಸಿಲಿಂಡರನ್ನು ಗುಜರಿಗೆ ಹಾಕಿದರೆ ಗುಜರಿ ಹುಡುಗ ಅದರ ಮೇಲೆ ಟಾರ್ಚ್ ಇಡುತ್ತಾನೆ.

ಸಾಗಿಸುವಾಗ ಏಜೆನ್ಸಿಯ ಗಾಡಿಯೇ ಬರಲಿ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವುದು ನಿಯಮದಲ್ಲೇ ನಿಷೇಧ. ಮುಚ್ಚಿದ ಕಾರು, ವ್ಯಾನಿನಲ್ಲೂ ಬೇಡ. ಗಾಡಿ ಬರುವವರೆಗೆ ನೆರಳಲ್ಲಿ ಇರಲಿ, ಮೂರರ ಮೇಲೂ ದಪ್ಪ ಅಕ್ಷರದಲ್ಲಿ ‘ಒಳಗೇನಿದೆ ಗೊತ್ತಿಲ್ಲ, ಮುಟ್ಟಬೇಡಿ’ ಅಂತ ಬರೆದ ರಟ್ಟು ಕಟ್ಟಿ. ನೀವಿಲ್ಲದಾಗ ಕೆಲಸದ ಹುಡುಗ ಆಕ್ಸಿಜನ್ ಮುಗೀತು ಅಂತ ಅದಕ್ಕೇ ಕೈ ಹಾಕುತ್ತಾನೆ, ಎಷ್ಟು ಸಲ ನೋಡಿಲ್ಲ.

ಒಲೆಗೆ ಹಳೇ ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್ ತುಂಡು ಹುಡುಕಿ. ಗೋಡೆ ದಪ್ಪ ಇರುತ್ತೆ, ಎರಡೂ ಕಡೆ ಬಾಯಿ ತೆರೆದಿರುತ್ತೆ, ಒಳಗೇನಿದೆ ಅಂತ ನಿಮ್ಮ ತಂದೆಯವರು ಕಡ್ಡಿ ಗೀರದೇನೇ ನೋಡಬಹುದು.